ಬೈಗುಳದ ಬುಟ್ಟಿ

"ಜಾಗ ಇಲ್ವಂತೆ! ಒಂದು ಫೋಟೊ ತೆರೆಯೋಕೂ ಜಾಗ ಇಲ್ವಂತೆ!" ಅಣ್ಣ ಮೌಸನ್ನು ಮೇಜಿಗೆ ಕುಟ್ಟಿದ.

ಒಳಕೋಣೆಯಲ್ಲಿ ಅಮ್ಮನ ಹೆಣವಿತ್ತು. ಹೊರಗೆ, ಅವಳ ಹೊಲಿಗೆ ಯಂತ್ರದ ಪಕ್ಕದಲ್ಲಿ, ಅವಳ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಜನ ಸೇರುವುದರೊಳಗೆ ಚೌಕಟ್ಟಿಗೆ ಅವಳ ಫೋಟೊ ಆಗಬೇಕಿತ್ತು.

"ಕಸ ತುಂಬಬೇಡಿ ಅಂತ ಬಡ್ಕೊಂಡೆ. ಯಾರಾದ್ರೂ ಕೇಳಿದ್ರಾ?"

"ಅಣ್ಣಾ, ಮೆಲ್ಲಗೆ! ಅಮ್ಮ ಇಲ್ಲೇ ಇದಾಳೆ," ಎಂದಳು ತಂಗಿ ಒಳಗಿನಿಂದ.

ಅವನು ಬೇಡದ ಪ್ರೋಗ್ರಾಮುಗಳನ್ನು ಕಿತ್ತುಹಾಕಿದ, ಹಳೆಯ ಸಿನಿಮಾಗಳನ್ನು ಅಳಿಸಿದ. ಕೊನೆಗೆ ಪರದೆಯ ಮೂಲೆಯಲ್ಲಿದ್ದ ಕಸದ ಬುಟ್ಟಿಯನ್ನು ಖಾಲಿ ಮಾಡಲು ಹೊರಟ. ಖಚಿತವೇ ಎಂದು ಯಂತ್ರ ಕೇಳಿತು. ಓದದೆಯೇ ಹೂಂ ಒತ್ತಿದ. ಫೋಟೊ ಪಟ್ಟನೆ ತೆರೆಯಿತು.

"ನೋಡು, ಹೆಂಗೆ ಓಡುತ್ತೆ ಈಗ!" ಸಾವಿನ ಮನೆ ಎಂಬುದನ್ನೂ ಮರೆತು ಕೂಗಿದ.

*

ಗಂಟಲಿನ ಆಪರೇಷನ್ನಿಗೆ ಮುಂಚೆ ಅಮ್ಮ ಮಗಳಿಂದ ಕಂಪ್ಯೂಟರಿಗೆ ಮೈಕ್ ತರಿಸಿದ್ದಳು.

"ಆಮೇಲೆ ಬೈಯೋಕೆ ದನಿ ಇರಲ್ಲ ಕಣೇ. ಈಗ್ಲೇ ಬೈದಿಟ್ಟಿರ್ತೀನಿ."

ಕೂತು, ಮನಸಾರೆ ಬೈದಳು. ಚೌಕಾಸಿ ಮಾಡುವ ಗಿರಾಕಿಗೆ ಒಂದು, ತಡವಾಗಿ ಏಳುವ ಮಗಳಿಗೆ ಒಂದು, ಗುಂಡಿಗೆ ಕಾಜಾ ಹಾಕಿಕೊಡುವ ಗೆಳತಿ ಕಾಜಕ್ಕನಿಗೆ ಪ್ರತ್ಯೇಕವಾಗಿ ಒಂದು. ದನಿ ಹೋದ ಮೇಲೆ ಮೌಸ್ ಒತ್ತಿ ಬೈಯುತ್ತಿದ್ದಳು. ಆದರೆ ಯಂತ್ರ ಎಂಥ ಸೋಮಾರಿ ಎಂದರೆ, "ಬಿಟ್ಟಿ ಹೊಲಿದು ಕೊಡೋಕೆ ಇದೇನು ನಿಮ್ಮಪ್ಪನ ಮನೆಯಾ?" ಎಂಬುದು ಹೊರಡುವಷ್ಟರಲ್ಲಿ ಗಿರಾಕಿ ಮೆಟ್ಟಿಲಿಳಿದು ಹೋಗಿ, ಪಾಪ, ಅಂಚೆಯವನು ಬಂದು ನಿಂತಿರುತ್ತಿದ್ದ.

ಅಣ್ಣ ಬಂದಾಗಲೆಲ್ಲ ಯಂತ್ರ ಚುರುಕು ಮಾಡುತ್ತೇನೆಂದು ಕೂರುತ್ತಿದ್ದ. ಒಮ್ಮೆ ಬೈಗುಳಗಳನ್ನೂ ಅಳಿಸಿಬಿಟ್ಟ. ಅಮ್ಮ ದನಿಯಿಲ್ಲದೆ, ಕತ್ತರಿಯಿಂದ ಮೇಜು ಬಡಿದು ಬಡಿದು ಅತ್ತಳು. ತಂಗಿ ಬುಟ್ಟಿಯಿಂದ ಎಲ್ಲವನ್ನೂ ಹೊರತೆಗೆದು ಕೊಟ್ಟಳು. ಅಂದಿನಿಂದ ಮಗ ಬರುತ್ತಾನೆಂದರೆ ಅಮ್ಮ ತಾನೇ ಅವನ್ನು ಬುಟ್ಟಿಗೆ ಹಾಕುತ್ತಿದ್ದಳು, ಅವನು ಹೋದ ಮೇಲೆ ತೆಗೆಯುತ್ತಿದ್ದಳು. ಎಸೆದದ್ದನ್ನು ಅವನು ಮತ್ತೆ ಎಸೆಯುವುದಿಲ್ಲವಲ್ಲ ಎಂದು ಸನ್ನೆ ಮಾಡಿ ನಗುತ್ತಿದ್ದಳು.

ನಿನ್ನೆ ಸಂಜೆ ಅಣ್ಣ ಬರುತ್ತೇನೆಂದು ಫೋನ್ ಮಾಡಿದ್ದ. ಅಮ್ಮ ಎಲ್ಲವನ್ನೂ ಬುಟ್ಟಿಗೆ ಹಾಕಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ.

*

ಮಣ್ಣು ಮಾಡಿ ಬಂದ ಮೇಲೆ ಕಾಜಕ್ಕ ಗೋಡೆಗೊರಗಿ ಕೂತಳು.

"ನನ್ನ ಬೈಗುಳ ಹಾಕೇ ಮಗಳೇ. ಅದನ್ನ ಕೇಳ್ದೆ ನಾನು ಮನೆಗೆ ಹೋಗಲ್ಲ."

ತಂಗಿ ಬಂದು ಅಣ್ಣನ ಕೈಯಿಂದ ಮೌಸ್ ತೆಗೆದುಕೊಂಡಳು. ಬುಟ್ಟಿ ತೆರೆದಳು. ಒಂದೂ ಇರಲಿಲ್ಲ.

"ಇದನ್ನ ಯಾರು ಖಾಲಿ ಮಾಡಿದ್ದು?"

"ನಾನೇ. ಕಸ ತಾನೆ?"

"ಕಸಾನಾ? ಅಮ್ಮನ ದನಿ ಕಣೋ ಅದು! ನಿನ್ನ ಕೈಗೆ ಸಿಗಬಾರದು ಅಂತ ಅಲ್ಲಿ ಬಚ್ಚಿಟ್ಟಿದ್ಲು!"

"ಕಸದ ಬುಟ್ಟೀಲಿ ಯಾರಾದ್ರೂ ಬಚ್ಚಿಡ್ತಾರಾ? ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಯಾವತ್ತು ಕೇಳಿಸ್ಕೊಂಡಿದೀಯ?"

ಸಿಟ್ಟಿನಲ್ಲೇ ಅವಳು ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಹಚ್ಚಿದಳು.

"ಗಾಬರಿ ಆಗ್ಬೇಡಿ ಮೇಡಂ, ವಾಪಸ್ ತೆಗೆಯೋಕೆ ನೋಡಬಹುದು," ಎಂದ ಅವನು. "ಖಾಲಿಯಾದ ಜಾಗದಲ್ಲಿ ಹೊಸದೇನೂ ತುಂಬಿಲ್ಲ ತಾನೆ? ತುಂಬಿದ್ರೆ ಕಷ್ಟ. ಹಳೇದರ ಮೇಲೆ ಕೂತ್ಬಿಟ್ಟಿರುತ್ತೆ."

ತಂಗಿ ಅಣ್ಣನ ಮುಖ ನೋಡಿದಳು. ಅವನು ನೆಲ ನೋಡಿದ. ಸ್ಮಶಾನದಿಂದ ಬಂದವನೇ ನೆಂಟರ ಫೋನುಗಳಲ್ಲಿದ್ದ ಇವತ್ತಿನ ವಿಡಿಯೊಗಳನ್ನೆಲ್ಲ ಕಂಪ್ಯೂಟರಿನೊಳಗೆ ಸುರಿದಿದ್ದ, ಬಾಯಿಮಟ್ಟ.

"ಹಾಳಾಗಿ ಹೋಗು!" ಎಂದು ಮೌಸನ್ನು ಅವನತ್ತ ಎಸೆದಳು. ಅದನ್ನು ಹಿಡಿಯಹೋದ ಅವನ ಬೆರಳು ಎಲ್ಲೋ ಒತ್ತಿತು. ವಿಡಿಯೊ ಒಂದು ತಡವೇ ಇಲ್ಲದೆ ತೆರೆದುಕೊಂಡಿತು. ಅಮ್ಮನ ಮುಖ. ಮುಚ್ಚಿದ ಬಾಯಿ.

ಕಾಜಕ್ಕ ದಡಬಡಿಸಿ ಎದ್ದು ಬಂದು, ದನಿ ಪೂರ್ತಿ ಹೆಚ್ಚಿಸಿ, ಸ್ಪೀಕರಿಗೆ ಕಿವಿ ಹಚ್ಚಿದಳು.

"ಜಾಗ ಬಿಡಿ," ಎನ್ನುತ್ತಿತ್ತು ಅದರೊಳಗಿಂದ ಅಣ್ಣನ ದನಿ. "ಜಾಗ ಬಿಡಿ, ಜಾಗ ಬಿಡಿ."