ಒಂದು ಸಿಗರೇಟಿನಷ್ಟು ಕೆಲಸ

"ಮನೇಲಿ ಯಾರಾದ್ರೂ ಸಿಗರೇಟು ಸೇದ್ತಾರಾ?" ಬರೆಯುತ್ತಿದ್ದ ಡಾಕ್ಟರು ತಲೆ ಎತ್ತದೆ ಕೇಳಿದರು.

ಬೈಂಡರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಡತಿ, "ಇಲ್ಲ, ನಮ್ಮನೇಲಿ ಯಾರೂ ಸೇದಲ್ಲ" ಎಂದುಬಿಟ್ಟಳು.

ಬೈಂಡರು ಬಲಗೈಯನ್ನು ಎರಡು ಮೊಣಕಾಲುಗಳ ನಡುವೆ ಇಳಿಸಿದರು. ಗೋಡೆಗೆ ಒರಗಿ ನಿಂತಿದ್ದ ಮಗಳು ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಆಮೇಲೆ ಕಣ್ಣಿನ ಚಾರ್ಟಿನ ಕೊನೆಯ ಸಾಲು ಓದುವವಳಂತೆ ಅತ್ತ ತಿರುಗಿದಳು.

ಡಾಕ್ಟರು ಕೆಲಸದ ಬಗ್ಗೆ ಕೇಳಿದರು. ಹೆಂಡತಿ ಅದನ್ನೆಲ್ಲ ಉತ್ಸಾಹದಿಂದಲೇ ಹೇಳಿದಳು. ಮನೆಯ ಮುಂದಿನ ಕೋಣೆಯಲ್ಲೇ ಪುಸ್ತಕ ಬೈಂಡಿಂಗ್. ಮಗಳು ಹಾಳೆ ಮಡಿಸುತ್ತಾಳೆ, ತಾನು ಹೊಲಿಯುತ್ತೇನೆ, ಇವರು ಅಂಟು ಹಾಕಿ ರಟ್ಟು ಕಟ್ಟಿ ಅಂಚು ಕತ್ತರಿಸುತ್ತಾರೆ. ಮದುವೆಯಾದ ಮೂರನೇ ತಿಂಗಳಿಂದ ಅದೇ ಕೆಲಸ. ಹೇಳುತ್ತಿದ್ದಂತೆ ಕೆಮ್ಮು ಬಂದು ಮಾತು ನಿಂತಿತು. ಡಾಕ್ಟರು ಅದು ಮುಗಿಯುವವರೆಗೂ ಕಾದರು.

"ಹಾಗಾದ್ರೆ ಕಾಗದದ ಧೂಳೇ ಇರ್ಬೇಕು. ಆ ಕೆಲಸ ಇವತ್ತಿಂದಲೇ ಬಿಟ್ಬಿಡಿ. ಇನ್ನೊಂದು ಪರೀಕ್ಷೆ ಮಾಡಿಸ್ಕೊಂಡು ಮುಂದಿನ ವಾರ ಬನ್ನಿ."

ಯಾರೋ ಕುರ್ಚಿ ಸ್ವಲ್ಪ ಸರಿಸಿ ಎಂದಾಗ ಒಪ್ಪುವಷ್ಟೇ ಸಲೀಸಾಗಿ ಅವಳು ತಲೆಯಾಡಿಸಿದಳು. ಆದರೆ ಅವಳ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಉಜ್ಜುತ್ತಿತ್ತು. ಸೂಜಿ ಒತ್ತಿ ಒತ್ತಿ ಅಲ್ಲಿ ಚರ್ಮ ಕಾಳಿನ ಹಾಗೆ ಗಟ್ಟಿಯಾಗಿತ್ತು.

ಅವಳು ಯಾಕೆ ಸುಳ್ಳು ಹೇಳಿದಳೆಂದು ಬೈಂಡರಿಗೆ ಗೊತ್ತಿತ್ತು. ಹೊರಗೆ ಕಾಯುತ್ತ ಕೂತಿದ್ದಾಗ ನರ್ಸು ಮುದುಕರೊಬ್ಬರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದಳು. ಸೇದುವಾಗ ನಮ್ಮನ್ನು ಕೇಳಿ ಸೇದಿದಿರಾ, ಈಗ ಉಸಿರು ಬೇಕು ಅಂತ ಬಂದರೆ ನಾವೆಲ್ಲಿಂದ ತರೋಣ ಎಂದು. ಬೆಂಚಿನಲ್ಲಿದ್ದ ಒಬ್ಬರು ನಕ್ಕಿದ್ದರು. ಇನ್ನೊಬ್ಬರು ಮುದುಕರ ಪಕ್ಕದಿಂದ ಎದ್ದು ಆಚೆ ಹೋಗಿ ಕೂತಿದ್ದರು. ಹೆಂಡತಿ ಆಗಲೇ ಗಂಡನ ಜೇಬಿನಿಂದ ಇಣುಕುತ್ತಿದ್ದ ಪ್ಯಾಕನ್ನು ಎರಡು ಬೆರಳಲ್ಲಿ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು.

ಬೀದಿಯಲ್ಲಿ ಬೈಂಡರಿಗೆ ಹೊಗೆಬಂಡಿ ಎಂದೇ ಹೆಸರು. ಪುಸ್ತಕ ಕಟ್ಟಿಸುವ ಲಾಯರಂತೂ, ನಿಮ್ಮ ಕೈಯಿಂದ ಬಂದ ಪುಸ್ತಕ ಮೂಸಿದರೆ ಸಾಕು, ನಾನು ಬೇರೆ ಸೇದಬೇಕಾಗಿಲ್ಲ ಎಂದು ನಗುತ್ತಿದ್ದರು. ಬೈಂಡರೂ ನಗುತ್ತಿದ್ದರು. ಕೋಣೆಯ ಒಂದೇ ಕಿಟಕಿಯನ್ನು ಅವರು ತೆಗೆಯಲು ಬಿಡುತ್ತಿರಲಿಲ್ಲ. ಗಾಳಿ ಬಂದರೆ ಜೋಡಿಸಿದ ಹಾಳೆಗಳು ಹಾರಿ ಪುಟಗಳು ಹಿಂದುಮುಂದಾಗುತ್ತವೆ. ಗೋಡೆ ಗಡಿಯಾರ ಎಂದೋ ನಿಂತಿತ್ತು, ಅದನ್ನು ಯಾರೂ ರಿಪೇರಿ ಮಾಡಿಸಿರಲಿಲ್ಲ. ಅವರು ಒಂದು ಸಿಗರೇಟು ಮುಗಿಸುವಷ್ಟರಲ್ಲಿ ಅವಳು ಆರು ಮಡಿಕೆ ಹಾಳೆ ಹೊಲಿಯುತ್ತಿದ್ದಳು. ಊಟಕ್ಕೆ ಕರೆದರೆ, "ಎರಡು ಸಿಗರೇಟಿನಷ್ಟು ಇದೆ, ಮುಗಿಸಿ ಬರ್ತೀನಿ" ಎನ್ನುವುದು ಆ ಮನೆಯ ಮಾತಾಗಿಹೋಗಿತ್ತು.

ಮನೆಗೆ ಬಂದವಳೇ ಅವಳು ಸೂಜಿಗಳನ್ನೂ ಮೇಣದ ಉಂಡೆಯನ್ನೂ ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟಳು. ಮಾರನೆಯ ದಿನದಿಂದ ಅಡುಗೆಮನೆಯಲ್ಲಿ ಒಬ್ಬಳೇ ಕೂತಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ನಡುಮಧ್ಯಾಹ್ನ ಅಲ್ಲಿಂದಲೇ, "ದಾರ ಸಡಿಲ ಬಿಡ್ತಿದೀಯ, ಎಳೆಯೋ ಸದ್ದೇ ಕೇಳಿಸ್ತಿಲ್ಲ" ಎಂದಳು. ಮಗಳು ಹೊಲಿದದ್ದನ್ನು ಬಿಚ್ಚಿ ಮತ್ತೆ ಶುರುಮಾಡಿದಳು.

ಬೈಂಡರಿಗೆ ಕೋಣೆಯಲ್ಲಿ ಸೇದಲು ಮನಸ್ಸು ಬರಲಿಲ್ಲ. ಮೆಟ್ಟಿಲ ಮೇಲೆ ಹೋಗಿ ನಿಂತರು. ಹೆಂಡತಿ ಹಿಂದೆಯೇ ಬಂದು, ಬಿಸಿಲಲ್ಲಿ ಯಾಕೆ, ಒಳಗೇ ಸೇದಿ, ಡಾಕ್ಟರು ಹೇಳಿದ್ದು ಧೂಳು ಅಂತ ತಾನೇ ಎಂದಳು. ಅವಳ ದನಿಯಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಬೈಂಡರು ಒಳಗೆ ಬಂದು ಮಗಳಿಗೆ, ಧೂಳು ಅಂದರೆ ಧೂಳೇ ಇರಬಹುದು, ಡಾಕ್ಟರು ಓದಿದವರು ಎಂದರು. ಮಗಳು ದಾರಕ್ಕೆ ಮೇಣ ಸವರುತ್ತಿದ್ದಳು.

"ನಾನೂ ಅದೇ ಧೂಳಲ್ಲಿ ಕೂತಿದೀನಪ್ಪ" ಎಂದಳು. "ನಾನೂ ಬಿಡ್ಲಾ?"

ಅವರು ರಟ್ಟು ಹುಡುಕುವ ನೆಪದಲ್ಲಿ ಬಗ್ಗಿದರು.

ನಾಲ್ಕನೇ ದಿನ ಲಾಯರು ಒಂದು ಹಳೆಯ ಪುಸ್ತಕ ಕಳಿಸಿದರು. ಇಪ್ಪತ್ತು ವರ್ಷದ ಹಿಂದೆ ಇವರೇ ಕಟ್ಟಿದ್ದು. ರಟ್ಟಿನ ಮೂಲೆಗಳು ಸವೆದಿದ್ದವು, ಬೆನ್ನು ಬಿಟ್ಟಿತ್ತು. ಬೈಂಡರು ಒದ್ದೆ ಬಟ್ಟೆಯಿಟ್ಟು ಅಂಟು ನೆನೆಸಿ ಬೆನ್ನಿನ ಕಾಗದ ಸುಲಿದರು. ಒಳಗೆ ಹೆಂಡತಿಯ ಹೊಲಿಗೆ ನಿನ್ನೆ ಹಾಕಿದಂತೆ ಬಿಗಿಯಾಗಿತ್ತು. ಒಂದು ಮಡಿಕೆಗೂ ಇನ್ನೊಂದಕ್ಕೂ ಕೂದಲಿನಷ್ಟು ವ್ಯತ್ಯಾಸವಿರಲಿಲ್ಲ. ಚಾಕುವಿನ ತುದಿಯಿಂದ ಮೊದಲ ದಾರ ಕತ್ತರಿಸಿ ಮಡಿಕೆಯನ್ನು ಬಿಡಿಸಿದರು. ಹೊಲಿಗೆಯ ಬುಡದಲ್ಲಿ, ಎರಡು ಪುಟ ಸೇರುವ ಸಂದಿಯಲ್ಲಿ, ಬೂದಿ ಇತ್ತು. ಚಿಟಿಕೆಯಷ್ಟೂ ಇಲ್ಲ. ಇನ್ನೊಂದು ಮಡಿಕೆ ಬಿಡಿಸಿದರು. ಅಲ್ಲೂ ಇತ್ತು. ಊದಿದರೆ ಹೋಗಲಿಲ್ಲ. ಬೆರಳಲ್ಲಿ ಒರೆಸಿದರೆ ಕಾಗದದ ಮೈಗೇ ಹತ್ತಿಕೊಂಡು ಬೂದುಗೆರೆಯಾಯಿತು. ಅಷ್ಟು ವರ್ಷ ಮುಚ್ಚಿದ್ದ ಪುಟಗಳಿಂದ ತಮ್ಮದೇ ಸಿಗರೇಟಿನ ವಾಸನೆ ಎದ್ದು ಮೂಗಿಗೆ ಬಂತು.

ಅಡುಗೆಮನೆಯಲ್ಲಿ ಅವಳು ಕೆಮ್ಮುತ್ತಿದ್ದಳು. ಬೈಂಡರು ಪುಸ್ತಕವನ್ನು ಹಾಗೆಯೇ ಬಿಟ್ಟು, ಸಂಜೆಯವರೆಗೂ ಅದರ ಮುಂದೆ ಕೂತಿದ್ದರು.

ಮುಂದಿನ ವಾರ ಡಾಕ್ಟರು ರಿಪೋರ್ಟು ನೋಡುತ್ತಿದ್ದಾಗ ಬೈಂಡರು ಬಲಗೈಯನ್ನು ಮೇಜಿನ ಮೇಲಿಟ್ಟರು. ಅಂಟು ಹತ್ತಿ ಒರಟಾದ ಕೈ. ಎರಡು ಬೆರಳು ಉಗುರಿನವರೆಗೂ ಹಳದಿ.

"ನಾನು ಸೇದ್ತೀನಿ" ಎಂದರು. "ಅದೇ ಕೋಣೇಲಿ. ಕಿಟಕಿ ಹಾಕ್ಕೊಂಡು. ಅವಳು ಒಂದು ಮಾರು ದೂರದಲ್ಲಿ ಕೂತಿರ್ತಾಳೆ."

ಔಷಧಿ ಜೋಡಿಸುತ್ತಿದ್ದ ನರ್ಸು ತಿರುಗಿ ನೋಡಿದಳು. ಹೆಂಡತಿ ತಕ್ಷಣ, ಅವತ್ತು ಸುಳ್ಳು ಹೇಳಿದ್ದು ನಾನು, ಅವರದೇನೂ ತಪ್ಪಿಲ್ಲ ಎಂದಳು.

"ಹೇಳಿದ್ದು ಅವಳು. ಸುಮ್ನಿದ್ದದ್ದು ನಾನು."

ಡಾಕ್ಟರು ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಎಂದು ಕೇಳಿದರು. ಕೇಳಿ ಮುಗಿದ ಮೇಲೆ, ಹಾಳಾದದ್ದು ಮತ್ತೆ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಬೈಂಡರು ತಲೆ ತಗ್ಗಿಸಿಕೊಂಡೇ ಕೇಳಿದರು: "ಅವಳು ಹೊಲೀಬಹುದಾ?"

ಕತ್ತರಿಸುವ ಕಡೆ ಸುಳಿಯಬಾರದು, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಕಿಟಕಿ ತೆಗೆದಿರಬೇಕು. ಇಷ್ಟು ಮಾಡುವುದಾದರೆ ಒಂದು ತಿಂಗಳು ಹೊಲಿದು ನೋಡಲಿ ಎಂದರು ಡಾಕ್ಟರು. "ನೀವು ಮಾತ್ರ ಆ ಕೋಣೇಲಿ ಸೇದ್ಕೂಡ್ದು. ಆ ಮನೇಲೇ ಕೂಡ್ದು."

ಹೊರಗೆ ಬಂದ ಮೇಲೆ ಅವಳು ಎರಡು ಹೆಜ್ಜೆ ಮುಂದೆಯೇ ನಡೆದಳು. ಬಸ್ ನಿಲ್ದಾಣದಲ್ಲಿ ಮಗಳನ್ನು ನಡುವೆ ಕೂರಿಸಿಕೊಂಡಳು.

"ಆ ನರ್ಸು ನಿಮ್ಮನ್ನ ಹೇಗೆ ನೋಡಿದ್ಲು, ಕಂಡ್ರಾ?"

"ಕಂಡೆ."

"ಇಷ್ಟು ವರ್ಷದಲ್ಲಿ ಒಂದು ದಿನ ನಾನು ಕಿಟಕಿ ತೆಗೀರಿ ಅಂತ ಕೇಳಿದ್ದುಂಟಾ? ನಾನೇ ಕೇಳದೇ ಇದ್ದಿದ್ದನ್ನ ಅವರ ಮುಂದೆ ಹೋಗಿ ಒಪ್ಕೋಬೇಕಿತ್ತಾ?"

"ನೀನು ಒಂದ್ಸಲ ಕೇಳಿದ್ದೆ."

"ಯಾವಾಗ?"

ಬೈಂಡರು ಮಗಳ ಕಡೆ ನೋಡಲಿಲ್ಲ. "ಇವಳು ಹೊಟ್ಟೇಲಿದ್ದಾಗ. ಹಾಳೆ ಹಾರತ್ತೆ ಅಂದೆ ನಾನು."

ಒಂದು ಬಸ್ಸು ಬಂದು, ಜನ ಇಳಿದು, ಹೋಯಿತು. ಅವರದ್ದಲ್ಲ.

"ನಂಗೆ ನೆನಪಿಲ್ಲ" ಎಂದಳು ಹೆಂಡತಿ. ಆಮೇಲೆ ಚೀಲ ತೆರೆದು, ಕಳೆದ ವಾರದಿಂದ ಅಲ್ಲೇ ಉಳಿದಿದ್ದ ಪ್ಯಾಕನ್ನು ತೆಗೆದು ಅವರ ತೊಡೆಯ ಮೇಲಿಟ್ಟಳು. ಏನು ಮಾಡುತ್ತೀರೋ ನೀವೇ ಮಾಡಿ ಎನ್ನುವಂತೆ. ನಿಲ್ದಾಣದ ಕಸದ ಡಬ್ಬದವರೆಗೆ ಅವರು ಎದ್ದು ಹೋದರು. ಅಲ್ಲಿ ನಿಂತದ್ದು ಸ್ವಲ್ಪ ಹೆಚ್ಚೇ ಹೊತ್ತು. ಮಗಳು ನೋಡುತ್ತಿದ್ದಳು. ವಾಪಸು ಬಂದಾಗ ಕೈ ಖಾಲಿಯಿತ್ತು.

ಕಿಟಕಿಯ ಬಾಗಿಲು ಹಳೆಯ ಬಣ್ಣಕ್ಕೆ ಅಂಟಿಕೊಂಡುಬಿಟ್ಟಿತ್ತು. ಮಗಳು ರಟ್ಟು ಕೊಯ್ಯುವ ಚಾಕುವಿನಿಂದ ಸುತ್ತಲೂ ಕೆರೆದು, ಭುಜ ಕೊಟ್ಟು ನೂಕಿದಳು. ಮೊದಲ ದಿನವೇ ಒಂದು ಶಾಲಾ ಪುಸ್ತಕದ ಮಡಿಕೆಗಳು ಕೋಣೆಯೆಲ್ಲ ಹಾರಿದವು. ಮೂವರೂ ನೆಲದ ಮೇಲೆ ಕೂತು ಪುಟ ಸೇರಿಸುವಷ್ಟರಲ್ಲಿ ಸಂಜೆಯಾಯಿತು. ಆಮೇಲೆ ಮನೆಯಲ್ಲಿ ಭಾರವಿದ್ದದ್ದೆಲ್ಲ ಹಾಳೆಗಳ ಮೇಲೆ ಬಂದು ಕೂತಿತು. ಇಸ್ತ್ರಿ ಪೆಟ್ಟಿಗೆ, ಹಳೆಯ ಬೀಗ, ನಿಂತುಹೋದ ಗಡಿಯಾರ ಕೂಡ.

ಬೈಂಡರಿಗೆ ಸಿಗರೇಟು ಬಿಟ್ಟ ಐದನೇ ದಿನ. ಅಂಟಿನ ಕುಂಚ ನೆಟ್ಟಗೆ ಹೋಗುತ್ತಿರಲಿಲ್ಲ. ಸುಮ್ಮನೆ ಕೂರಲಾಗದೆ ಎದ್ದು ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದರು. ಹೆಂಡತಿ ಕಿಟಕಿಯ ಕೆಳಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಲಾಯರ ಪುಸ್ತಕವನ್ನು ಮತ್ತೆ ಹೊಲಿಯುತ್ತಿದ್ದಳು. ಬೂದುಗೆರೆಯಿದ್ದ ಪುಟ ಬಂದಾಗ ಒಮ್ಮೆ ನೋಡಿ, ಮಡಿಸಿ, ಸೂಜಿ ತೂರಿಸಿದಳು. ಕೆಮ್ಮು ಬಂತು, ಹೋಯಿತು. ಒಳಗಿನಿಂದ ಮಗಳು, ಊಟಕ್ಕೆ ಬನ್ನಿ, ಆರಿಹೋಗ್ತಿದೆ ಎಂದು ಕೂಗಿದಳು.

"ಬಂದೆ, ಇನ್ನೊಂದು ಸಿಗರೇಟಿನಷ್ಟು ಇದೆ" ಎಂದಳು ಹೆಂಡತಿ.

ಸೂಜಿ ಒಂದು ಗಳಿಗೆ ನಿಂತಿತು. ಅವಳು ತಲೆ ಎತ್ತಲಿಲ್ಲ. ದಾರ ಮತ್ತೆ ಸರ್ರೆಂದು ಹೋಯಿತು.

ಕಿಟಕಿಯಿಂದ ಗಾಳಿ ಬಂದು ಅವಳ ಪಕ್ಕದಲ್ಲಿದ್ದ ಹೊಲಿಯದ ಮಡಿಕೆಗಳ ಅಂಚು ಎತ್ತಿತು. ಬೈಂಡರು ಬಾಗಿಲ ಬಳಿಯಿಂದ ಬಂದು ನೆಲದ ಮೇಲೆ ಕೂತು, ಎರಡೂ ಅಂಗೈಗಳನ್ನು ಹಾಳೆಗಳ ಮೇಲೆ ಊರಿದರು. ಅವಳು ಕೈ ಚಾಚಿದಾಗಲೆಲ್ಲ ಒಂದು ಮೂಲೆ ಎತ್ತಿ ಒಂದು ಮಡಿಕೆ ಕೊಟ್ಟರು. ಆರನೆಯದು ಮುಗಿಯುವವರೆಗೂ ಅಲ್ಲಿಂದ ಏಳಲಿಲ್ಲ.