ಔಟ್‌ಬಾಕ್ಸಿನಲ್ಲಿ ನಿಂತ ಮಳೆ

ಜಾವಳಿಯ ಎಸ್ಟೇಟ್ ಆಫೀಸಿನ ಕಂಪ್ಯೂಟರಿಗೆ ಆಂಟಿವೈರಸ್ ಹಾಕಿದವನು ನಾನೇ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಹೊರಗೆ ಹೋಗುವ ಇ-ಮೇಲ್‌ಗಳನ್ನೆಲ್ಲ ಅದು ತಪಾಸಣೆ ಮಾಡಲಿ ಎಂದು, ಯಾರನ್ನೂ ಕೇಳದೆ ಒಂದು ಟಿಕ್ ಹಾಕಿ ಬಂದಿದ್ದೆ.

ಅಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಭೂತಯ್ಯನವರು ದಿನಾ ಬೆಳಿಗ್ಗೆ ಮಳೆ ಅಳೆದು, ಎಷ್ಟು ಇಂಚು ಬಿತ್ತೆಂದು ಚಿಕ್ಕಮಗಳೂರಿನಲ್ಲಿರುವ ಸಾಹುಕಾರರಿಗೆ ಮೇಲ್ ಮಾಡುತ್ತಿದ್ದರು. ನಾನು ಬಂದುಹೋದ ಮೇಲೆ ಒಂಬತ್ತು ದಿನ ಒಂದೂ ತಲುಪಲಿಲ್ಲ. ಹತ್ತನೆಯ ದಿನ ಸಾಹುಕಾರರು ರೇಗಿಕೊಂಡು, ದಾರಿಯಲ್ಲಿ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು ಆಫೀಸಿಗೇ ಬಂದರು.

ಮೇಲ್ ಪ್ರೋಗ್ರಾಂ ತೆರೆದೆ. ಒಂಬತ್ತೂ ಔಟ್‌ಬಾಕ್ಸಿನಲ್ಲೇ ಸಾಲಾಗಿ ನಿಂತಿದ್ದವು. ನನ್ನ ಟಿಕ್ ತೆಗೆದದ್ದೇ ತಡ, ಎಲ್ಲವೂ ಹೊರಟುಹೋದವು.

"ಏನಾಗಿತ್ತು ಮಾರಾಯ?" ಎಂದರು ಸಾಹುಕಾರರು.

"ಸೆಂಡ್ ಸರಿಯಾಗಿ ಒತ್ತಿಲ್ಲ ಸರ್, ಅಷ್ಟೇ" ಎಂದುಬಿಟ್ಟೆ. ಥೂ, ನನ್ನ ನಾಲಿಗೆ ಬಿದ್ದುಹೋಗಲಿ!

"ಇಷ್ಟು ವರ್ಷ ಆಯ್ತಲ್ರೀ ಭೂತಯ್ಯ, ಒಂದು ಬಟನ್ ಒತ್ತಕ್ಕೆ ಬರಲ್ವಾ?" ಎಂದು ಗದರಿ ಸಾಹುಕಾರರು ತೋಟ ನೋಡಲು ಹೊರಟರು.

ಅವರು ಮರೆಯಾದ ಮೇಲೆ ಭೂತಯ್ಯನವರು ಮಳೆ ಬರೆಯುವ ಪುಸ್ತಕದ ಕೊನೆಯ ಹಾಳೆ ಬಿಡಿಸಿ ನನ್ನ ಮುಂದಿಟ್ಟರು. "ವಯಸ್ಸಾಯ್ತು, ಎಲ್ಲೋ ತಪ್ತಿದೀನಿ. ಸೆಂಡ್ ಹೆಂಗೆ ಒತ್ತಬೇಕು ಅಂತ ಇದ್ರಲ್ಲಿ ಬರ್ದು ಕೊಡಿ. ನಾಳೆಯಿಂದ ನೋಡ್ಕೊಂಡು ಒತ್ತೀನಿ."

ಅವರು ಒಂದು ದಿನವೂ ತಪ್ಪಿರಲಿಲ್ಲ. ಈಗಲಾದರೂ ಹೇಳಬಹುದಿತ್ತು, ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ಪೆನ್ನು ತೆಗೆದು, ಒಂದು, ಎರಡು, ಮೂರು ಎಂದು ನಂಬರ್ ಹಾಕಿ, ಬಿಡಿಸಿ ಬಿಡಿಸಿ ಬರೆದುಕೊಟ್ಟೆ.