ಸೀಸೆಯ ತಳದ ತಾಮ್ರ

ತೊಳೆಯಲೆಂದು ಸೀಸೆಯನ್ನು ಬಗ್ಗಿಸಿದಾಗ ಎಣ್ಣೆಯೆಲ್ಲ ತಿಳಿಯಾಗಿ ಡಬ್ಬಿಗೆ ಇಳಿಯಿತು. ತಳದಲ್ಲಿ ಮಾತ್ರ ಏನೋ ಅಂಟಿಕೊಂಡಿತ್ತು. ಅವಳು ಗಾಜಿನ ಕಡ್ಡಿಯಿಂದ ಕೆರೆದು ಬಿಳಿ ಕಾಗದಕ್ಕೆ ಸವರಿದಳು. ತಾಮ್ರ. ಮೂರು ತಿಂಗಳು ಎಣ್ಣೆಯಲ್ಲಿ ತೇಲುತ್ತಿವೆಯೆಂದು ಅವಳು ನಂಬಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೆಲ್ಲ ಒಂದಾಗಿ ಕೆಳಗೆ ಕೂತಿದ್ದವು. 

ಲಿಫ್ಟ್ ತಯಾರಿಸುವ ಆ ಕಾರ್ಖಾನೆಯಲ್ಲಿ ಸ್ವಿಚ್ಚುಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಸ್ವಿಚ್ಚುಗಳಿಗೆ ಬಿಡುವ ಎಣ್ಣೆಗೆ ತಾಮ್ರದ ಪುಡಿ ಬೆರೆಸುವ ಯೋಚನೆ ಮಾವನದು. ಹಿರಿಯ ಫಿಟ್ಟರ್ ಆದ ಅವರು ಇಡೀ ಕಾರ್ಖಾನೆಗೇ ಮಾವ. ಅವಳಿಗೆ ಮಾತ್ರ ನಿಜವಾಗಿಯೂ ತಾಯಿಯ ತಮ್ಮ. ಸ್ವಿಚ್ಚಿನೊಳಗಿನ ಲೋಹದ ತುದಿಗಳು ಉಜ್ಜಿ ಉಜ್ಜಿ ಸವೆಯುವುದನ್ನು ಜೀವಮಾನವೆಲ್ಲ ನೋಡಿ ಬೇಸತ್ತವರು. ಸವೆದ ಗುಳಿಯಲ್ಲಿ ತಾಮ್ರದ ಕಣ ಹೋಗಿ ಕೂತರೆ ಕರೆಂಟಿಗೂ ದಾರಿ ಸಲೀಸು, ಲೋಹಕ್ಕೂ ಆಯುಸ್ಸು ಎಂದು ಎರಡು ವರ್ಷ ಮ್ಯಾನೇಜರರ ಬೆನ್ನುಬಿದ್ದು ಪರೀಕ್ಷೆಗೆ ಒಪ್ಪಿಸಿದ್ದರು.

ಬರೀ ಎಣ್ಣೆಗೂ ತಾಮ್ರ ಬೆರೆಸಿದ್ದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದು ಬೆಳಿಗ್ಗೆ ಅವಳೇ ಎಲ್ಲರೆದುರು ವರದಿ ಓದಿದ್ದಳು. "ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ಲ ಮಾವ" ಎಂದು ಯಾರೋ ನಕ್ಕಾಗ ಮಾವನೂ ನಕ್ಕಿದ್ದರು. ಆ ನಗುವನ್ನು ನೋಡಲಾಗದೆ ಅವಳು ಕಾಗದ ಜೋಡಿಸುವ ನೆಪ ಮಾಡಿದ್ದಳು. ಶನಿವಾರ ಅವರ ನಿವೃತ್ತಿ. ಇಂದು ಮೂರು ಗಂಟೆಗೆ ಮ್ಯಾನೇಜರ್ ವರದಿಗೆ ಸಹಿ ಹಾಕಿದರೆ ಅವರಿಗಿಂತ ಮೊದಲೇ ಅವರ ಯೋಚನೆ ಮನೆ ಸೇರುತ್ತದೆ.

ತಪ್ಪು ಅವಳದೇ. ಗಾಳಿಗುಳ್ಳೆ ಸೇರಿದರೆ ಅಳತೆ ಕೆಡುತ್ತದೆಂದು ಸೀಸೆಯನ್ನು ಅಲುಗಾಡಿಸದೆ, ಮಲಗಿದ ಮಗುವಿನ ಪಕ್ಕದಿಂದ ಎದ್ದು ಬರುವಷ್ಟು ಜೋಪಾನವಾಗಿ, ಪ್ರತಿ ಸಲವೂ ಮೇಲಿನಿಂದಲೇ ಎರಡು ಹನಿ ತೆಗೆಯುತ್ತಿದ್ದಳು. ಒಮ್ಮೆ ಕೈಹಾಕಲು ಬಂದ ಮಾವನನ್ನೂ ಗದರಿಸಿದ್ದಳು. ಕಂದು ಗಾಜಿನ ಸೀಸೆ; ತಳ ಕಾಣುತ್ತಿರಲಿಲ್ಲ. ಮೂರು ತಿಂಗಳು ಪರೀಕ್ಷೆಯಾದದ್ದು ಬರೀ ಎಣ್ಣೆಗೆ.

ನಲ್ಲಿ ಪಕ್ಕದಲ್ಲೇ ಇತ್ತು. ತೊಳೆದುಬಿಟ್ಟರೆ ಕೇಳುವವರಿಲ್ಲ, ಅಚ್ಚುಕಟ್ಟಿನ ಕೆಲಸಗಾತಿ ಎಂಬ ಹೆಸರೂ ಉಳಿಯುತ್ತದೆ. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಸೀಸೆ ಹಿಡಿದುಕೊಂಡು ಮೊದಲು ಮ್ಯಾನೇಜರರ ಕೋಣೆಗೆ ಹೋದಳು, ಅಲ್ಲಿಂದ ಮಾವನ ಬಳಿಗೆ.

ಮಾವ ತಮ್ಮ ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿ ಸೀಸೆಯ ಬಾಯಿಗೆ ಕಣ್ಣಿಟ್ಟು ನೋಡಿದರು.

"ಅಲ್ಲಾಡಿಸಬಾರದು ಅಂದೋರು ಯಾರು?"

"ನಾನೇ, ಮಾವ."

"ನಾನಾದ್ರೂ ಕೇಳಬೇಕಿತ್ತು. ನಿನ್ನ ಬೈಗುಳಕ್ಕೆ ಹೆದರಿ ಸುಮ್ಮನಾದೆ." ಸೀಸೆಯನ್ನು ಕೆಳಗಿಟ್ಟು ಕೇಳಿದರು, "ಸಾಹೇಬ್ರು ಏನಂದ್ರು?"

"ಚೆನ್ನಾಗಿ ಬೈದ್ರು. ವರದಿ ವಾಪಸ್ ಕೊಟ್ರು. ಮೊದಲಿಂದ ಮಾಡು, ಇನ್ನು ಮೂರು ತಿಂಗಳು ಅಂದ್ರು."

"ಮೂರು ತಿಂಗಳು," ಎಂದರು ಮಾವ. "ಫಲಿತಾಂಶ ಬಂದಾಗ ಮನೇಗೆ ಬಂದು ಹೇಳು. ಫೋನಲ್ಲಿ ಬೇಡ."

ಅವಳು ತಲೆಯಾಡಿಸಿದಳು.

ಮಾವ ಸೀಸೆಗೆ ಹೊಸ ಎಣ್ಣೆ ಸುರಿದು, ಮುಚ್ಚಳ ಬಿಗಿದು, ಸ್ಟೂಲಿನ ಮೇಲೆ ಕೂತು ಅಲ್ಲಾಡಿಸತೊಡಗಿದರು. ಎಣ್ಣೆಯೂ ತಾಮ್ರವೂ ಆಗಲೇ ಕದಡಿ ಒಂದಾಗಿದ್ದವು. ಚಹಾದ ಗಂಟೆ ಹೊಡೆಯಿತು, ಉಳಿದವರೆಲ್ಲ ಎದ್ದು ಹೋದರು. ಮಾವ ಇನ್ನೂ ಅಲ್ಲಾಡಿಸುತ್ತಲೇ ಇದ್ದರು.